ದೀಪದ ಪಕ್ಕ 38 ಡಿಗ್ರಿ ತೋರಿಸ್ತಿದೆ, ಆದ್ರೂ ಆಮೆ ಮಣ್ಣಿಂದ ಏಳ್ತಿಲ್ಲ

ಮಂಡ್ಯದವಳು_ಲೀಡ್ಸ್ | ಜನವರಿ 9, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಮಗಳು ಎರಡು ವರ್ಷದಿಂದ ಹಟ ಹಿಡಿದಿದ್ಲು ಅಂತ ಆಗಸ್ಟ್‌ನಲ್ಲಿ ಒಂದು ಹರ್ಮನ್ ಆಮೆ ತಂದ್ವಿ. ಇಲ್ಲೇ ಸಾಕಿದವರ ಮನೆಯಲ್ಲಿ ಮೊಟ್ಟೆ ಒಡೆದು ಬಂದದ್ದು, ನಾಲ್ಕು ವರ್ಷ, 310 ಗ್ರಾಂ ತೂಕ, ಸರ್ಟಿಫಿಕೇಟ್ ಎಲ್ಲಾ ಸರಿಯಾಗಿದೆ. ಹೆಸರು ಗುಂಡ.

ಹಾಲ್‌ನಲ್ಲಿ ಕಿಟಕಿ ಕೆಳಗೆ ನಾಲ್ಕಡಿ ಉದ್ದ, ಎರಡಡಿ ಅಗಲದ ಮರದ ತೊಟ್ಟಿ ಇಟ್ಟಿದೀವಿ. ಮುಚ್ಚಳ ಇಲ್ಲ. ಒಂದು ತುದಿಗೆ 75 ವಾಟ್ ಬಿಸಿ ಬಲ್ಬು ಕ್ಲಿಪ್ ಹಾಕಿ ನಿಲ್ಲಿಸಿದೆ, ಉದ್ದಕ್ಕೆ ಒಂದು ಯುವಿಬಿ (ಬಿಸಿಲಿನಲ್ಲಿರೋ ಅತಿನೇರಳೆ ಕಿರಣ) ಕೊಡೋ ಟ್ಯೂಬ್. ಅಂಗಡಿಯವರೇ ಕೊಟ್ಟ ಮುಳ್ಳಿನ ಥರ್ಮಾಮೀಟರ್ ಬಲ್ಬಿನ ಪಕ್ಕದ ಗೋಡೆಗೆ ಅಂಟಿಸಿದೆ. ಅದು ದಿನಾ 38 ತೋರಿಸುತ್ತೆ. ರಾತ್ರಿ ಎಲ್ಲಾ ಆರಿಸ್ತೀವಿ. ಮನೆ ಹೀಟಿಂಗ್ ಕೂಡ ಹತ್ತೂವರೆಗೆ ನಿಲ್ಲುತ್ತೆ, ಬಿಲ್ ನಿಮಗೇ ಗೊತ್ತು.

ಅಕ್ಟೋಬರ್‌ವರೆಗೆ ಚೆನ್ನಾಗಿ ತಿಂತಿದ್ದ. ಡಿಸೆಂಬರ್‌ನಿಂದ ಹನ್ನೊಂದು ಗಂಟೆಗೆ ಎದ್ದು ಅರ್ಧ ಗಂಟೆ ಕೂತು ಮತ್ತೆ ಮಣ್ಣೊಳಗೆ. ಈಗ ಐದು ದಿನದಿಂದ ಎಲೆ ಮುಟ್ಟಿಲ್ಲ. ಅತ್ತೆ ಊರಿಂದ ಬಂದಿದಾರೆ, "ಅದಕ್ಕೂ ಚಳಿ ಕಣಮ್ಮ, ಕಂಬಳಿ ಹೊದಿಸು" ಅಂತಾರೆ. ನಿನ್ನೆ ರಾತ್ರಿ ಮಗಳ ಉಣ್ಣೆ ಶಾಲು ಹೊದಿಸಿ ಮಲಗಿಸಿದ್ರು. 38 ಸಾಲಲ್ವಾ? ಇನ್ನೂ ಜಾಸ್ತಿ ಮಾಡಬೇಕಾ? ಮಗಳು ಸ್ಕೂಲಿಂದ ಬಂದ ತಕ್ಷಣ ತೊಟ್ಟಿ ಮುಂದೆ ಕೂತ್ಕೊಂಡು ಅಳ್ತಾಳೆ.

ಹಾಸನದ_ಹೈದ | ರಾತ್ರಿ 9:52

ಫೋಟೊ ಹಾಕಿ ಅಕ್ಕ. ಆಮೆದಲ್ಲ, ತೊಟ್ಟಿದು.

ಮಲೆನಾಡು_ಮ್ಯೂನಿಕ್ | ರಾತ್ರಿ 10:05

ಇದಕ್ಕೆ ಗಾಬರಿ ಬೇಡ. ಹರ್ಮನ್ ಅಂದ್ರೆ ಮೆಡಿಟರೇನಿಯನ್ ಕಡೆಯ ಆಮೆ, ಇಟಲಿ, ಗ್ರೀಸ್, ಬಾಲ್ಕನ್ ಸೀಮೆಯದು. ಅಲ್ಲಿ ಚಳಿಗಾಲ ಪೂರ್ತಿ ಮಣ್ಣೊಳಗೆ ಮಲಗುತ್ತೆ. ಹಗಲು ಕಮ್ಮಿಯಾದದ್ದು ಅದಕ್ಕೆ ಗೊತ್ತಾಗಿದೆ, ನಿದ್ದೆಗೆ ಹೊರಟಿದೆ. ಇಲ್ಲಿ ಜರ್ಮನಿಯಲ್ಲಿ ನಾವೆಲ್ಲ ನವೆಂಬರ್‌ನಲ್ಲೇ ಫ್ರಿಜ್‌ನಲ್ಲಿ ಇಡ್ತೀವಿ, ಮಾರ್ಚ್‌ನಲ್ಲಿ ತೆಗೀತೀವಿ. ನನ್ನ ಎರಡೂ ಈಗ 5 ಡಿಗ್ರಿಯಲ್ಲಿ ಮಲಗಿವೆ. ಬಿಸಿ ಆರಿಸಿ, ಮಲಗೋಕೆ ಬಿಡಿ.

ರಾಗಿಮುದ್ದೆ_ರೀಡಿಂಗ್ | ರಾತ್ರಿ 10:31

ಮ್ಯೂನಿಕ್ ಅವರೇ, ದಯವಿಟ್ಟು ಹಾಗೆ ಹೇಳಬೇಡಿ. ನಿಮ್ಮ ಆಮೆಗಳು ಹೊಟ್ಟೆ ಖಾಲಿ ಮಾಡ್ಕೊಂಡು, ತೂಕ ನೋಡಿಸ್ಕೊಂಡು, ಹಂತಹಂತವಾಗಿ ತಣ್ಣಗಾಗಿ ಮಲಗಿದಾವೆ. ಇವರದು ಐದು ದಿನದ ಹಿಂದಿನವರೆಗೂ ತಿಂದಿದೆ. ಹೊಟ್ಟೆಯಲ್ಲಿ ಎಲೆ ಇಟ್ಕೊಂಡು ತಣ್ಣಗೆ ಮಲಗಿದ್ರೆ ಅದು ಅರಗಲ್ಲ, ಒಳಗೇ ಕೊಳೆಯುತ್ತೆ. ಅದೂ ಅಲ್ಲದೆ ಹುಷಾರಿಲ್ಲದ ಆಮೆಯನ್ನ ಮಲಗಿಸಲೇಬಾರದು. ಹುಷಾರಿದೆಯೋ ಇಲ್ವೋ ಅನ್ನೋದೇ ನಮಗೆ ಇನ್ನೂ ಗೊತ್ತಿಲ್ಲ.

ಮಂಡ್ಯದ ಅಕ್ಕ, ನಾನು 11 ವರ್ಷದಿಂದ ಹಾರ್ಸ್‌ಫೀಲ್ಡ್ ಆಮೆ ಸಾಕ್ತಿದೀನಿ. ಮೊದಲನೇ ಚಳಿಗಾಲ ನಿಮ್ಮ ತಪ್ಪನ್ನೇ ಮಾಡಿದ್ದೆ. ಗೋಡೆಗೆ ಅಂಟಿಸಿದ ಆ ಮುಳ್ಳಿನ ಥರ್ಮಾಮೀಟರ್ ಕಿತ್ತು ಬಿಸಾಕಿ. ಅದು ಗೋಡೆಯ ಬಿಸಿ ತೋರಿಸುತ್ತೆ, ಅದೂ ಬಲ್ಬಿನ ಎತ್ತರದಲ್ಲಿ. ಗುಂಡ ಗೋಡೆ ಮೇಲೆ ಇರ್ತಾನಾ? ಅವನಿರೋದು ನೆಲದಿಂದ ಆರೇಳು ಸೆಂಟಿಮೀಟರ್ ಎತ್ತರದ ಲೋಕದಲ್ಲಿ. ವೈರಿನ ತುದಿಯಲ್ಲಿ ಪ್ರೋಬ್ (ಬಿಸಿ ಅಳೆಯೋ ಕಡ್ಡಿ) ಇರೋ ಡಿಜಿಟಲ್ ಥರ್ಮಾಮೀಟರ್ ಎರಡು ತನ್ನಿ. ಒಂದು ಬಲ್ಬಿನ ನೇರ ಕೆಳಗೆ, ಅವನ ಬೆನ್ನಿನ ಎತ್ತರಕ್ಕೆ ಒಂದು ಕಲ್ಲಿಟ್ಟು ಅದರ ಮೇಲೆ. ಇನ್ನೊಂದು ದೂರದ ತುದಿಯಲ್ಲಿ ಮಣ್ಣಿನ ಮೇಲೆ. ದೀಪ ಹಚ್ಚಿ ಎರಡು ಗಂಟೆ ಆದ ಮೇಲೆ ಓದಿ. ಬೆಳಿಗ್ಗೆ ಆರಕ್ಕೆ, ದೀಪ ಹಚ್ಚೋ ಮುಂಚೆ ಇನ್ನೊಂದ್ಸಲ ಓದಿ. ಈ ಮೂರು ಅಂಕಿ ಕೊಡಿ, ಆಮೇಲೆ ಮಾತಾಡೋಣ.

ಕುಂದಾಪ್ರ_ಕಡ್ಲ್ | ರಾತ್ರಿ 10:44

ಕಂಬಳಿ ವಿಷಯ ಯಾರೂ ಹೇಳ್ಲಿಲ್ಲ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ: ಕಂಬಳಿ ಬಿಸಿ ಕೊಡೂದಿಲ್ಲ, ಒಳಗಿನ ಬಿಸಿಯನ್ನು ಹೊರಗೆ ಬಿಡದೆ ಹಿಡಿದಿಡ್ತದೆ ಅಷ್ಟೆ. ನಮ್ಮ ಮೈ ಬಿಸಿ ಹುಟ್ಟಿಸ್ತದೆ, ಆಮೆ ಮೈ ಹುಟ್ಟಿಸೂದಿಲ್ಲ. ತಣ್ಣಗಿನ ಆಮೆಗೆ ಕಂಬಳಿ ಹೊದಿಸಿದ್ರೆ ತಣ್ಣಗೇ ಇರ್ತದೆ. ಕಲ್ಲಿಗೆ ಹೊದಿಸಿದ ಹಾಗೆ. ಬೆಳಿಗ್ಗೆ ದೀಪದ ಬಿಸಿ ತಾಗೂದೂ ತಡ ಆಗ್ತದೆ.

ಮಂಡ್ಯದವಳು_ಲೀಡ್ಸ್ | ಜನವರಿ 10, ಸಂಜೆ 6:15

ಪ್ರೋಬ್ ಥರ್ಮಾಮೀಟರ್ ಪಕ್ಕದ ಬೀದಿಯವರ ಹತ್ತಿರ ಸಿಕ್ತು. ಅಂಕಿ ನೋಡಿ ಕೈಕಾಲು ತಣ್ಣಗಾಯ್ತು.

ಬಲ್ಬಿನ ಕೆಳಗೆ, ಅವನ ಬೆನ್ನಿನ ಎತ್ತರದಲ್ಲಿ: 26
ದೂರದ ತುದಿ: 15
ಬೆಳಿಗ್ಗೆ ಆರಕ್ಕೆ: 11

ಗೋಡೆಯ ಮುಳ್ಳು ಆಗಲೂ 38 ಅಂತಾನೇ ನಿಂತಿತ್ತು. ಅತ್ತೆಗೆ ಕಂಬಳಿ ವಿಷಯ ಹೇಳಿದೆ. "ಹಂಗಾದ್ರೆ ಬಿಸಿನೀರಿನ ಬಾಟ್ಲಿ ಇಡು" ಅಂದ್ರು.

ರಾಗಿಮುದ್ದೆ_ರೀಡಿಂಗ್ | ಸಂಜೆ 6:40

ಸಿಕ್ತಲ್ಲ ಕಾರಣ. 11 ಅಂದ್ರೆ ಅತ್ತ ನಿದ್ದೆಯೂ ಅಲ್ಲ, ಇತ್ತ ಎಚ್ಚರವೂ ಅಲ್ಲ. ಸರಿಯಾದ ನಿದ್ದೆಗೆ 5ರ ಆಸುಪಾಸು ಬೇಕು, 10 ದಾಟಿದ್ರೆ ಎಚ್ಚರ ಆಗ್ತಾ ಬರುತ್ತೆ. 10ರಿಂದ 15ರ ನಡುವೆ ಸಿಕ್ಕಿಹಾಕಿಕೊಂಡ ಆಮೆ ಮಲಗದೆ, ಉಣ್ಣದೆ, ಮೈಯಲ್ಲಿರೋ ಕೊಬ್ಬು ಕರಗಿಸ್ಕೊಂಡು ಸೊರಗುತ್ತೆ. ಹಗಲು 26 ಕೊಟ್ರೆ ಎದ್ದು ಕೂರುತ್ತೆ, ಆದ್ರೆ ಅರಗಿಸೋವಷ್ಟು ಮೈ ಕಾಯಲ್ಲ. ಅದಕ್ಕೇ ಅರ್ಧ ಗಂಟೆ ಕೂತು ವಾಪಸ್ ಹೋಗ್ತಿದಾನೆ.

ಹರ್ಮನ್‌ಗೆ ಬೇಕಾದ್ದು ಇಷ್ಟು: ಬಲ್ಬಿನ ಕೆಳಗೆ ಬೆನ್ನಿನ ಎತ್ತರದಲ್ಲಿ 32ರಿಂದ 35, ತಣ್ಣನೆ ತುದಿಯಲ್ಲಿ 20–22, ರಾತ್ರಿ 15ಕ್ಕಿಂತ ಕೆಳಗೆ ಬೇಡ. ಇಡೀ ತೊಟ್ಟಿಯನ್ನ 32 ಮಾಡೋಕೆ ಮಾತ್ರ ಹೋಗಬೇಡಿ. ಕಾಯೋಕೆ ಒಂದು ಕಡೆ, ತಣಿಯೋಕೆ ಒಂದು ಕಡೆ ಇದ್ರೆ ಅವನೇ ನಡೆದಾಡಿ ಮೈ ಬಿಸಿ ಹದ ಮಾಡ್ಕೊತಾನೆ. ನಮ್ಮ ಕೆಲಸ ಇಳಿಜಾರು ಮಾಡಿಕೊಡೋದು, ಆಯ್ಕೆ ಅವನದು.

ಕಿಟಕಿ ಕೆಳಗಿಂದ ಇವತ್ತೇ ಎತ್ತಿ. ಚಳಿಗಾಳಿ ಇಳಿಯೋದೇ ಅಲ್ಲಿ. ನೆಲದ ಮೇಲಿದ್ರೆ ಮೇಜಿನೆತ್ತರಕ್ಕೆ ತನ್ನಿ, ಹೊರಗೋಡೆ ಬಿಟ್ಟು ಒಳಗೋಡೆ ಕಡೆ ಇಡಿ. ದುಡ್ಡಿಲ್ಲದೆ ಎರಡು ಮೂರು ಡಿಗ್ರಿ ಸಿಗುತ್ತೆ.

ಬೆಳಗಾವಿ_ಬರ್ಮಿಂಗ್‌ಹ್ಯಾಮ್ | ಸಂಜೆ 6:58

ಕಿಟಕಿ ಬಿಸಿಲು ಹೋಗ್ತದಲ್ರೀ ಹಂಗಂದ್ರ? ಬಿಸಿಲಿನಿಂದ ವಿಟಮಿನ್ ಡಿ ಆಗ್ತದ.

ರಾಗಿಮುದ್ದೆ_ರೀಡಿಂಗ್ | ಸಂಜೆ 7:03

ಗಾಜು ಯುವಿಬಿಯನ್ನ ಒಳಗೆ ಬಿಡಲ್ಲ. ಬೆಳಕು, ಬಿಸಿ ಬರುತ್ತೆ, ಚಿಪ್ಪು ಗಟ್ಟಿಯಾಗೋಕೆ ಬೇಕಾದ ಭಾಗ ಬರಲ್ಲ. ಅದಕ್ಕೇ ಟ್ಯೂಬ್ ಬೇಕಾಗಿರೋದು. ಟ್ಯೂಬ್ ಉರೀತಾ ಇದ್ರೂ ವರ್ಷದೊಳಗೆ ಯುವಿಬಿ ಕಮ್ಮಿಯಾಗುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಹಾಕಿದ ತಾರೀಕು ಅದರ ಮೇಲೇ ಬರೆದಿಡಿ.

ಗದಗ_ಗ್ಲಾಸ್ಗೋ | ರಾತ್ರಿ 8:20

ನಾನು ತೊಟ್ಟಿ ತಳಕ್ಕ ಹೀಟ್ ಮ್ಯಾಟ್ ಹಾಕೇನಿ. ನಮ್ಮ ಸ್ಕಾಟ್ಲೆಂಡ್ ಚಳಿಗೆ ಬಲ್ಬ್ ಸಾಕಾಗಂಗಿಲ್ಲ. ಕರೆಂಟೂ ಕಮ್ಮಿ. ಬಿಸಿನೀರಿನ ಬಾಟ್ಲಿ ಅಂದ ಅತ್ತಿಯವರದೂ ಅದ ವಿಚಾರ ಅಲ್ಲೇನ್ರೀ? ಕೆಳಗಿಂದ ಬೆಚ್ಚಗಿರ್ಲಿ ಅಂತ.

ಹಾಸನದ_ಹೈದ | ರಾತ್ರಿ 8:26

ಮ್ಯಾಟ್ ಆಮೆಗೆ ಬೇಡ ಅಂತ ಎಲ್ಲರೂ ಹೇಳ್ತಾರಲ್ಲ?

ಗದಗ_ಗ್ಲಾಸ್ಗೋ | ರಾತ್ರಿ 8:31

ಹೇಳ್ತಾರು. ಯಾಕ ಬೇಡ ಅಂತ ಒಬ್ಬರೂ ಹೇಳಂಗಿಲ್ಲ. ಮೂರು ವರ್ಷ ಆತು, ನಂದೇನೂ ಆಗಿಲ್ಲ.

ಧಾರವಾಡ_ಪಶುವೈದ್ಯೆ | ರಾತ್ರಿ 9:10

ಯಾಕ ಅಂತ ನಾ ಹೇಳ್ತೀನ್ರಿ. ಆಮಿಗೆ ಬಿಸಿ ಅಂದ್ರ ಮ್ಯಾಲಿಂದ ಬರೂದು, ಸೂರ್ಯಂದು. ಮೈ ಹೆಚ್ಚು ಕಾಯ್ತು ಅಂದ್ರ ಅದು ಏನ್ ಮಾಡ್ತದ? ಮಣ್ಣು ತೋಡಿ ಕೆಳಗ ಹೋಗ್ತದ, ಯಾಕಂದ್ರ ಲಕ್ಷಾಂತರ ವರ್ಷದಿಂದ ಮಣ್ಣಿನ ಕೆಳಗ ತಂಪು ಇರ್ತದ ಅನ್ನೂದು ಅದರ ರಕ್ತದಾಗ ಬಂದದ. ನೀವು ಕೆಳಗ ಮ್ಯಾಟ್ ಇಟ್ರ, ತಂಪು ಹುಡುಕ್ಕೊಂತ ಇಳಿದಷ್ಟೂ ಬಿಸಿ ಹತ್ತತದ. ಎದಿಚಿಪ್ಪು ಸುಟ್ಟ ಆಮಿ ನಾ ಕಣ್ಣಾರೆ ನೋಡೇನಿ. ನಿಮ್ಮದಕ್ಕ ಮೂರು ವರ್ಷ ಏನೂ ಆಗಿಲ್ಲಂದ್ರ ಸಂತೋಷ, ಮಣ್ಣು ದಪ್ಪ ಹಾಕಿರಬೇಕು. ಆದ್ರೂ ಇವತ್ತ ರಾತ್ರಿ ಅದನ್ನ ಹೊಳ್ಳಿಸಿ ಹೊಟ್ಟಿ ನೋಡ್ರಿ. ಕೆಂಪು ಅಥವಾ ಮೆತ್ತಗ ಅದ ಏನು?

ಮಂಡ್ಯದ ತಂಗಿ, ನಿಮಗೊಂದು ಮಾತು. ಮೂಗಿನಾಗ ನೀರು, ಗುಳ್ಳಿ ಅದ ಏನು? ಬಾಯಿ ತಕ್ಕೊಂಡು ಉಸಿರಾಡ್ತದ ಏನು? ಕುತ್ತಿಗಿ ಉದ್ದ ಮಾಡಿ ಮ್ಯಾಲೆತ್ತಿ ಉಸಿರು ಎಳಿತದ ಏನು? ಸೀಟಿ ಹೊಡೆದಂಗ ಸಪ್ಪಳ ಬರ್ತದ ಏನು? ಆಮಿಗೆ ನಮ್ಮಂಗ ವಪೆ (ಎದಿ ಹೊಟ್ಟಿ ನಡುವಿನ ಉಸಿರಾಟದ ಪರದೆ) ಇಲ್ಲ, ಕೆಮ್ಮಿ ಕಫ ಹೊರಗ ಹಾಕಾಕ ಆಗಂಗಿಲ್ಲ. ಶ್ವಾಸಕೋಶ ಬೆನ್ನು ಚಿಪ್ಪಿನ ಕೆಳಗನ ಇರ್ತಾವು, ಒಳಗ ಕಫ ತುಂಬಿದ್ರ ಅಲ್ಲೇ ಕೂಡ್ತದ. ತಂಪಿನಾಗ ಅದರ ರೋಗನಿರೋಧಕ ಶಕ್ತೀನೂ ಮಲಗಿರ್ತದ. ಇದರಾಗ ಒಂದಿದ್ರೂ ನಾಳೆ ಬೆಳಿಗ್ಗೆನ ಸರೀಸೃಪ ನೋಡೂ ವೈದ್ಯರ ಹತ್ರ ಹೋಗ್ರಿ. ಇಲ್ಲಂದ್ರೂ ಈ ವಾರ ಒಮ್ಮೆ ತೋರಿಸ್ರಿ. ನಾ ದೂರದಿಂದ ಹೇಳಿದ್ದು ಪರೀಕ್ಷೆ ಮಾಡಿದ್ದಕ್ಕ ಸಮ ಅಲ್ಲ.

ಗದಗ_ಗ್ಲಾಸ್ಗೋ | ರಾತ್ರಿ 9:48

ನೋಡಿದೆ ಮೇಡಂ. ಚಿಪ್ಪು ಚೊಲೊ ಅದ. ಆದ್ರ ಮಣ್ಣು ತೋಡಿ ಕೈ ಇಟ್ರ ಕೈ ಚುರ್ ಅಂತು. ಮ್ಯಾಟಿನ ಪ್ಲಗ್ ತಗದೇನಿ. ಕಾರಣ ಹೇಳಿದ್ದಕ್ಕ ಉಪಕಾರ.

ಮಲೆನಾಡು_ಮ್ಯೂನಿಕ್ | ರಾತ್ರಿ 10:15

ನಾನು ನಿನ್ನೆ ಬರೆದದ್ದು ಅವಸರದ ಮಾತು, ಒಪ್ಪಿಕೊಳ್ತೀನಿ. 11 ಡಿಗ್ರಿ ಅಂತ ಗೊತ್ತಿದ್ದಿದ್ರೆ ಹಾಗೆ ಹೇಳ್ತಿರಲಿಲ್ಲ. ಆದ್ರೆ ಮುಖ್ಯ ವಾದ ಬಿಡಲ್ಲ. ಹರ್ಮನ್‌ಗೆ ಚಳಿಗಾಲದ ನಿದ್ದೆ ಸಹಜ. ಅದನ್ನ ವರ್ಷ ವರ್ಷ ತಪ್ಪಿಸಿ, ಬಲ್ಬ್ ಹಚ್ಚಿ ತಿನ್ನಿಸ್ತಾ ಹೋದ್ರೆ ಬೆಳವಣಿಗೆ ವೇಗ ಜಾಸ್ತಿ ಆಗುತ್ತೆ. ಗುಂಡನಿಗೆ ಮುಂದಿನ ವರ್ಷ ಸರಿಯಾಗಿ ತಯಾರಿ ಮಾಡಿ ಮಲಗಿಸಿ.

ರಾಗಿಮುದ್ದೆ_ರೀಡಿಂಗ್ | ರಾತ್ರಿ 10:22

ಮುಂದಿನ ವರ್ಷದ್ದು ನಾನೂ ಒಪ್ತೀನಿ. ಈ ವರ್ಷದ್ದು ಈ ವರ್ಷ.

ಮಂಡ್ಯದವಳು_ಲೀಡ್ಸ್ | ಜನವರಿ 12, ಮಧ್ಯಾಹ್ನ 2:30

ತೊಟ್ಟಿ ಒಳಗೋಡೆಗೆ ಬಂತು. 100 ವಾಟಿನ ಬಲ್ಬ್ ತಂದು ಹಾಕಿದೆ. ಪ್ರೋಬ್ 34 ತೋರಿಸ್ತು, ಖುಷಿಯಾಗಿ ಕುಣಿದಾಡಿದ್ವಿ. ಯಜಮಾನರು ಆಫೀಸಿಂದ ತಂದ ಇನ್ಫ್ರಾರೆಡ್ ಗನ್ (ಮುಟ್ಟದೆ ಬಿಸಿ ಅಳೆಯೋದು) ಹಿಡಿದು ನೋಡಿದ್ರೆ ಗುಂಡನ ಬೆನ್ನಿನ ನಡು ಮೇಲೆ 44! ಅಂಚಿನಲ್ಲಿ 27! ಯಾವುದು ನಿಜ?

ಕುಂದಾಪ್ರ_ಕಡ್ಲ್ | ಮಧ್ಯಾಹ್ನ 2:41

ಎರಡೂ ನಿಜ. ನೀವು ತಂದದ್ದು ಸ್ಪಾಟ್ ಬಲ್ಬು. ಟಾರ್ಚ್ ಬಿಟ್ಟ ಹಾಗೆ ಒಂದೇ ಜಾಗಕ್ಕೆ ಬೀಳ್ತದೆ. ಬೆನ್ನಿನ ನಡು ಸುಡ್ತದೆ, ಕಾಲು, ಹೊಟ್ಟೆ ತಣ್ಣಗೇ ಇರ್ತದೆ. ಮೈ ಕಾದಿಲ್ಲ ಅಂತ ಅವನು ಅಲ್ಲೇ ಕೂತೇ ಇರ್ತಾನೆ, ಅಷ್ಟೊತ್ತಿಗೆ ಚಿಪ್ಪು ಒಣಗಿ ಸುಟ್ಟುಹೋಗ್ತದೆ. ಬೆಳಕು ಹರಡಿ ಬೀಳುವ ಫ್ಲಡ್ ಹ್ಯಾಲೊಜೆನ್ ತನ್ನಿ. ಒಂದು ದೊಡ್ಡದರ ಬದಲು 50 ವಾಟಿನದು ಎರಡು, ಪಕ್ಕಪಕ್ಕ ನೇತುಹಾಕಿ. ಅವನ ಇಡೀ ಮೈ ಮೇಲೆ ಒಂದೇ ಸಮ ಬೀಳ್ಬೇಕು. ಬಿಸಿ ಹೆಚ್ಚು ಕಮ್ಮಿ ಮಾಡ್ಲಿಕ್ಕೆ ಎತ್ತರ ಬದಲಿಸಿ, ಐದು ಸೆಂಟಿಮೀಟರ್ ಇಳಿಸಿದ್ರೂ ತುಂಬ ವ್ಯತ್ಯಾಸ ಉಂಟು.

ಬೆಳಗಾವಿ_ಬರ್ಮಿಂಗ್‌ಹ್ಯಾಮ್ | ಮಧ್ಯಾಹ್ನ 2:55

ಕ್ಲಿಪ್ ಮ್ಯಾಲೆ ನಿಲ್ಲಿಸಬ್ಯಾಡ್ರಿ ಅಕ್ಕಾರ. ನಮ್ಮ ಮನಿಯಾಗ ಕ್ಲಿಪ್ ಜಾರಿ ಬಲ್ಬ್ ಮರದ ಹೊಟ್ಟಿನ ಮ್ಯಾಲೆ ಬಿತ್ತು. ಹೊಗಿ ವಾಸನಿ ಬಂದು ಎದ್ದೆ, ಎರಡು ಗಂಟಿ ರಾತ್ರಿ. ಬಂಗಾರದಂಥ ಎರಡು ಮಕ್ಕಳು ಮ್ಯಾಲಿನ ಖೋಲ್ಯಾಗ ಮಲಗಿದ್ರು. ಅವತ್ತಿನಿಂದ ಸರಪಳಿ ಹಾಕಿ ನೇತುಹಾಕ್ತೀನಿ. ಹೋಲ್ಡರ್ ಪಿಂಗಾಣಿದ ಇರಬೇಕು, ಪ್ಲಾಸ್ಟಿಕ್ ಕರಗ್ತದ. ತೊಟ್ಟಿಯಾಗ ಮರದ ಹೊಟ್ಟು ತಗದು ಮಣ್ಣು, ಮರಳು ಕೂಡಿಸಿ ಹಾಕ್ರಿ. ಹೊಗಿ ಅಲಾರಂ ಬ್ಯಾಟರಿ ಇವತ್ತ ನೋಡ್ರಿ.

ಮಂಡ್ಯದವಳು_ಲೀಡ್ಸ್ | ಮಧ್ಯಾಹ್ನ 3:10

ಓದಿ ಎದೆ ಧಸಕ್ ಅಂತು. ಈಗಲೇ ಸರಪಳಿ ತರೋಕೆ ಕಳಿಸಿದೀನಿ. ರಾತ್ರಿಗೆ ಅಂಗಡಿಯವರು ಕೆಂಪು ಬಲ್ಬ್ ಕೊಟ್ಟಿದ್ರು, ಆಮೆಗೆ ಕೆಂಪು ಕಾಣಲ್ಲ ಅಂತ. ಹಾಕಲಾ?

ಧಾರವಾಡ_ಪಶುವೈದ್ಯೆ | ಮಧ್ಯಾಹ್ನ 3:34

ಕಾಣ್ತದ. ಆಮಿಗೆ ಬಣ್ಣ ನಮಗಿಂತ ಚೊಲೊ ಕಾಣ್ತಾವು. ಇಡೀ ರಾತ್ರಿ ಕೆಂಪು ಬೆಳಕಿನಾಗ ನೀವು ಮಲಗ್ತೀರೇನು? ರಾತ್ರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕ್ರಿ, ಥರ್ಮೋಸ್ಟಾಟ್ (ಬಿಸಿ ಒಂದ ಮಟ್ಟಕ್ಕ ನಿಲ್ಲಿಸೂ ಸ್ವಿಚ್) ಇಲ್ಲದ ಹಾಕಬ್ಯಾಡ್ರಿ, ಸುತ್ತ ತಂತಿ ಜಾಳಿಗಿ ಇರ್ಲಿ. ಹಂಗಂತ ಹಗಲು ಬಲ್ಬಿನ ಬದಲಿ ಅದನ್ನ ಹಾಕೂದು ತಪ್ಪು. ಬೆಳಕಿಲ್ಲದ ಬಿಸಿಗೆ ಆಮಿ ಎದ್ದು ಕೂಡಂಗಿಲ್ಲ. ಬೆಳಕು ಬಿಸಿ ಎರಡೂ ಒಂದ ಕಡಿಂದ ಬಂದ್ರ ಅದಕ್ಕ ಹಗಲಾತು ಅಂತ ಗೊತ್ತಾಗ್ತದ.

ಮೈಸೂರ್_ಪಾಕ್_ಫೀನಿಕ್ಸ್ | ಸಂಜೆ 5:20

ನಮ್ಮ ಕಷ್ಟ ಉಲ್ಟಾ. ಅರಿಜೋನಾದಲ್ಲಿ ಬೇಸಿಗೆ 45 ಡಿಗ್ರಿ ಸಾಮಾನ್ಯ. ಇಲ್ಲಿನ ಮರುಭೂಮಿ ಆಮೆಯನ್ನ ಕಾಡಿಂದ ತರೋ ಹಾಗಿಲ್ಲ, ರಾಜ್ಯದ ವನ್ಯಜೀವಿ ಇಲಾಖೆಯೇ ದತ್ತು ಕೊಡುತ್ತೆ. ಕೊಡೋ ಮೊದಲು ಹಿತ್ತಲಲ್ಲಿ ಬಿಲ ಕಟ್ಟಿರಬೇಕು. ನಾವು ಕಾಂಕ್ರೀಟ್ ಇಟ್ಟಿಗೆಯಲ್ಲಿ ಕಟ್ಟಿ ಮೇಲೆ ಎರಡಡಿ ಮಣ್ಣು ಮುಚ್ಚಿದ್ವಿ. ಹೊರಗೆ ನೆಲ ಕಾಲಿಡೋಕೆ ಆಗದಿರುವಾಗಲೂ ಒಳಗೆ ಕೈ ಇಟ್ರೆ ಹಳೇ ಮಡಿಕೆ ಒಳಗೆ ಇಟ್ಟ ಹಾಗೆ ತಂಪು. ಧಾರವಾಡದ ಮೇಡಂ ಹೇಳಿದ್ದು ನೂರಕ್ಕೆ ನೂರು. ಮಧ್ಯಾಹ್ನ ಆಯ್ತು ಅಂದ್ರೆ ನಮ್ಮದು ನೇರ ಬಿಲಕ್ಕೆ.

ಜಯನಗರ_4ನೇ_ಬ್ಲಾಕ್ | ಜನವರಿ 13, ರಾತ್ರಿ 8:05 (ಭಾರತ)

ನಮಗೂ ಸಹಾಯ ಮಾಡಿ. ತಾತನ ಮನೆಯಲ್ಲಿ ಎಂಟು ವರ್ಷದಿಂದ ಒಂದು ನಕ್ಷತ್ರ ಆಮೆ ಇದೆ. ಯಾರೋ ಕೊಟ್ಟು ಹೋದದ್ದು. ಬಾಳೆಹಣ್ಣು, ಟೊಮೆಟೊ, ಅನ್ನ ಹಾಕ್ತೀವಿ. ಈ ಚಳಿಯಲ್ಲಿ ಮೂಗು ಸೋರ್ತಿದೆ. ಬೆಂಗಳೂರಲ್ಲಿ ಸೆರಾಮಿಕ್ ಹೀಟರ್ ಎಲ್ಲಿ ಸಿಗುತ್ತೆ?

ಹಾಸನದ_ಹೈದ | ರಾತ್ರಿ 8:09 (ಭಾರತ)

ನಕ್ಷತ್ರ ಆಮೆ ಸಾಕೋದು ಅಪರಾಧ ಕಣ್ರೀ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972.

ಜಯನಗರ_4ನೇ_ಬ್ಲಾಕ್ | ರಾತ್ರಿ 8:15 (ಭಾರತ)

ತಾತ ಅದನ್ನ ಮಗು ಥರ ನೋಡ್ಕೊತಾರೆ. ಕಳ್ಳರ ಹಾಗೆ ಮಾತಾಡಬೇಡಿ. ಲೀಡ್ಸ್‌ನವರು ಸಾಕಬಹುದು, ನಾವು ಸಾಕಬಾರದಾ?

ಧಾರವಾಡ_ಪಶುವೈದ್ಯೆ | ರಾತ್ರಿ 8:50 (ಭಾರತ)

ಕಳ್ಳರು ಅಂತ ಯಾರೂ ಅನ್ನಂಗಿಲ್ಲ. ಅಜ್ಜಾರ ಪ್ರೀತಿ ಖರೇ ಅದ. ಆದ್ರ ಲೀಡ್ಸಿನ ಗುಂಡ ಸಾಕಿದವರ ಮನ್ಯಾಗ ಹುಟ್ಟಿದ್ದು, ಕಾಗದ ಅದ. ನಕ್ಷತ್ರ ಆಮಿ ನಮ್ಮ ಕುರುಚಲು ಕಾಡಿಂದ ಹಿಡದು ತಂದದ್ದು. ಆಂಧ್ರ, ತಮಿಳುನಾಡು, ನಮ್ಮ ಸೀಮಿಯಿಂದ ಚೀಲದಾಗ ತುಂಬಿ ಸಾವಿರಗಟ್ಟಲೆ ಹೊರಗ ಹೋಗ್ಯಾವು. ಅದಕ್ಕ 2019ರಾಗ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ (ಸೈಟಿಸ್) ಮೊದಲನೇ ಪಟ್ಟಿಗೆ, ಅಂದ್ರ ಹುಲಿ ಇರೂ ಪಟ್ಟಿಗೆ ಸೇರಿಸಿದ್ರು. ಒಂದು ಕೊಂಡ್ರ ಇನ್ನ ಹತ್ತು ಹಿಡಿಯಾಕ ದಾರಿ ಆಗ್ತದ.

ಅಷ್ಟ ಅಲ್ಲ. ಬಾಳಿಹಣ್ಣು, ಅನ್ನ ಅದಕ್ಕ ಊಟ ಅಲ್ಲ, ಹುಲ್ಲು ಸೊಪ್ಪು ತಿನ್ನೂ ಪ್ರಾಣಿ ಅದು. ಅದು ಚಳಿಗಾಲ ಮಲಗೂ ಜಾತಿನೂ ಅಲ್ಲ, ತಂಪು ಮತ್ತ ತೇವ ಕೂಡಿದ್ರ ಮೊದಲು ಹಿಡಿಯೂದು ಶ್ವಾಸಕೋಶನ. ಮೂಗು ಸೋರಾಕತ್ತೇದ ಅಂದ್ರ ಹೀಟರ್ ಹುಡುಕೂ ಹೊತ್ತಲ್ಲ ಇದು. ಈಗ ಬೆಚ್ಚಗಿನ ಒಣ ಖೋಲಿಯಾಗ ಇಡ್ರಿ, ನಾಳೆ ಅರಣ್ಯ ಇಲಾಖೆಗೆ ಫೋನ್ ಮಾಡಿ ಒಪ್ಪಿಸ್ರಿ. ತಾವಾಗೇ ಒಪ್ಪಿಸಾಕ ಬಂದೀವಿ ಅಂತ ಹೇಳ್ರಿ. ಕೆರಿ ದಂಡಿಗೆ ಒಯ್ದು ಬಿಡೂದು ಮಾತ್ರ ಬ್ಯಾಡ, ಅದು ನೀರಿನ ಆಮಿ ಅಲ್ಲ, ಮತ್ತ ರೋಗ ಇದ್ದದ್ದು ಬ್ಯಾರೆಯವಕ್ಕೂ ಹತ್ತತದ.

ಕೋಲಾರದ_ಹುಣಸೆ | ರಾತ್ರಿ 9:02 (ಭಾರತ)

ನಮ್ಮಜ್ಜಿ ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರ ಆಗಲ್ಲ ಅನ್ನೋರು. ಈಗ ನೋಡಿದ್ರೆ ಅದೃಷ್ಟ ಬರುತ್ತೆ ಅಂತ ಹಿಡಿದು ಮಾರ್ತಾರೆ. ನಾನು ಚಿಕ್ಕವನಿದ್ದಾಗ ಮೊದಲ ಮಳೆ ಬಿದ್ದ ಬೆಳಿಗ್ಗೆ ಹೊಲದ ಬದುವಿನಲ್ಲಿ ನಕ್ಷತ್ರ ಆಮೆ ಕಾಣ್ತಿತ್ತು. ನನ್ನ ಮಗನಿಗೆ ತೋರಿಸೋಣ ಅಂದ್ರೆ ಆರು ವರ್ಷದಿಂದ ಒಂದೂ ಸಿಕ್ಕಿಲ್ಲ.

ಕುಂದಾಪ್ರ_ಕಡ್ಲ್ | ರಾತ್ರಿ 9:15 (ಭಾರತ)

2018ರಲ್ಲಿ ಸಿಂಗಪುರದಲ್ಲಿ ಸಿಕ್ಕಿದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ ತಂದಿದ್ರು. ಅಷ್ಟು ದೂರ ಹೋದದ್ದೇ ಊರಿಗೆ ಬಂತು, ಜಯನಗರದ್ದು ಬರದೇ ಇರ್ತದಾ? ತಾತನವರನ್ನು ಕರ್ಕೊಂಡೇ ಹೋಗಿ ಒಪ್ಪಿಸಿ, ಅವರಿಗೂ ಸಮಾಧಾನ.

ತುಮಕೂರ್_ಟೊರಾಂಟೊ | ರಾತ್ರಿ 10:10

ನಮ್ಮ ಹರ್ಮನ್‌ದು ಚಿಪ್ಪು ಗೋಪುರ ಗೋಪುರವಾಗಿ ಎದ್ದಿದೆ. ಇಲ್ಲಿ ಚಳಿಗಾಲದಲ್ಲಿ ಹೀಟಿಂಗ್‌ಗೆ ಮನೆ ಗಾಳಿ ಪೂರ್ತಿ ಒಣ. ಪ್ರೋಟೀನ್ ಜಾಸ್ತಿ ಆಯ್ತು ಅಂತಾರೆ, ನಿಜವಾ?

ರಾಗಿಮುದ್ದೆ_ರೀಡಿಂಗ್ | ರಾತ್ರಿ 10:25

ಹಳೇ ನಂಬಿಕೆ ಅದು. 2003ರಲ್ಲಿ ವಿಯನ್ನಾದ ಸಂಶೋಧಕರು ಆಫ್ರಿಕದ ಸುಲ್ಕಾಟಾ ಮರಿಗಳನ್ನ ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಪ್ರೋಟೀನ್ ಕೊಟ್ಟು ಬೆಳೆಸಿ ನೋಡಿದ್ರು. ಒಣಗಾಳಿಯಲ್ಲಿ ಬೆಳೆದವಕ್ಕೆ ಗೋಪುರ ಜಾಸ್ತಿ ಬಂತು, ಪ್ರೋಟೀನಿನ ಪಾತ್ರ ಅದರ ಮುಂದೆ ಸಣ್ಣದು. ಬಲ್ಬ್ ಬಿಸಿ ಮಾಡುವಾಗ ಒಣಗಿಸುತ್ತೆ ಕೂಡ. ತೊಟ್ಟಿಯ ಒಂದು ಮೂಲೆ ಮಣ್ಣು ಒಳಗೆ ತೇವವಾಗಿ, ಮೇಲೆ ಒಣಗಿ ಇರಲಿ. ವಾರಕ್ಕೆರಡು ಸಲ ಉಗುರುಬೆಚ್ಚಗಿನ ನೀರಲ್ಲಿ, ಗಲ್ಲ ಮುಳುಗದಷ್ಟು, ಕಾಲು ಗಂಟೆ ಕೂರಿಸಿ. ಎದ್ದಿರೋ ಗೋಪುರ ಇಳಿಯಲ್ಲ, ಮುಂದೆ ಬೆಳೆಯೋದು ನಯವಾಗಿ ಬರುತ್ತೆ.

ಮಂಡ್ಯದವಳು_ಲೀಡ್ಸ್ | ಜನವರಿ 16, ರಾತ್ರಿ 8:45

ನಿನ್ನೆ ವೈದ್ಯರ ಹತ್ತಿರ ಹೋಗಿದ್ವಿ. ತೂಕ 294ಕ್ಕೆ ಇಳಿದಿದೆ. ಮೂಗು, ಬಾಯಿ ಶುದ್ಧ ಇದೆ, ಎದೆಯಲ್ಲಿ ಕಫ ಇಲ್ಲ. ಬರೀ ತಣ್ಣಗಾಗಿ ಬಳಲಿದಾನೆ ಅಂದ್ರು. ಈ ವರ್ಷ ಮಲಗಿಸೋದು ಬೇಡ, ಎರಡು ವಾರ ರಾತ್ರಿ 22ಕ್ಕಿಂತ ಕೆಳಗೆ ಇಳಿಸಬೇಡಿ, ದಿನಾ ಸ್ನಾನ, ಮೈ ಕಾಯದೆ ಊಟಕ್ಕೆ ಒತ್ತಾಯ ಬೇಡ ಅಂದ್ರು.

ಈಗ 50 ವಾಟಿನ ಎರಡು ಫ್ಲಡ್ ಬಲ್ಬ್, ಸರಪಳಿಯಲ್ಲಿ. ಬೆನ್ನಿನ ಎತ್ತರದಲ್ಲಿ 34, ಗನ್ನಿನಲ್ಲಿ ಬೆನ್ನಿನ ನಡು 35, ಅಂಚು 33. ತಣ್ಣನೆ ತುದಿ 21. ತೊಟ್ಟಿಯ ತಣ್ಣನೆ ಅರ್ಧಕ್ಕೆ ಮೇಲೆ ಹಲಗೆ ಮುಚ್ಚಿದೆ, ದೀಪದ ಕಡೆ ತೆರೆದಿದೆ. ರಾತ್ರಿಗೆ ಸೆರಾಮಿಕ್, ಥರ್ಮೋಸ್ಟಾಟ್ 23ಕ್ಕೆ ಇಟ್ಟಿದೆ.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ತಾನೇ ಎದ್ದು ಬಂದು ದೀಪದ ಕೆಳಗೆ ನಾಲ್ಕೂ ಕಾಲು ಚಾಚಿ ಮಲಗಿದ್ದ. ಹಾಗೆ ಚಾಚಿದ್ದು ನೋಡಿ ಸತ್ತೇ ಹೋದ ಅಂತ ಮಗಳು ಕಿರುಚಿದ್ಲು.

ಹಾಸನದ_ಹೈದ | ರಾತ್ರಿ 8:50

ಅದು ಬಿಸಿಲು ಕಾಯಿಸೋ ರೀತಿ ಅಕ್ಕ. ನಮ್ಮೂರ ಜಗಲಿ ಮೇಲೆ ನಾಯಿ ಮಲಗೋ ಹಾಗೆ. ಒಳ್ಳೇ ಲಕ್ಷಣ!

ದಾವಣಗೆರೆ_ಬೆಣ್ಣೆ | ರಾತ್ರಿ 9:05

ಎಲ್ಲಾ ಸರಿ, ಕರೆಂಟ್ ಬಿಲ್ ಎಷ್ಟಾಗುತ್ತೆ ಯಾರಾದ್ರೂ ಹೇಳಿ. ನಮ್ಮ ಮನೇಲೂ ಮಗ ಕೇಳ್ತಿದಾನೆ.

ಕುಂದಾಪ್ರ_ಕಡ್ಲ್ | ರಾತ್ರಿ 9:20

ನಮ್ಮ ಮನೆ ದರ ಯೂನಿಟ್‌ಗೆ 27 ಪೆನ್ಸ್. ಬಿಸಿ ಬಲ್ಬು 100 ವಾಟ್, 12 ಗಂಟೆ, 1.2 ಯೂನಿಟ್, 32 ಪೆನ್ಸ್. ಟ್ಯೂಬ್ 24 ವಾಟ್, ಅದಕ್ಕೆ 8 ಪೆನ್ಸ್. ರಾತ್ರಿ 100 ವಾಟಿನ ಸೆರಾಮಿಕ್ ಅರ್ಧ ಹೊತ್ತು ಉರಿದ್ರೆ 16. ದಿನಕ್ಕೆ 56 ಪೆನ್ಸ್, ತಿಂಗಳಿಗೆ 17 ಪೌಂಡಿನ ಹತ್ರ. ಹರ್ಮನ್ ಐವತ್ತು ವರ್ಷ ಆರಾಮಾಗಿ ಬದುಕ್ತದೆ. ಬಿಲ್‌ಗಿಂತ ಆ ಲೆಕ್ಕ ಮೊದಲು ಮಾಡಿ. ಮಗ ಕಾಲೇಜಿಗೆ ಹೋದ ಮೇಲೆ ದೀಪ ಹಚ್ಚುವವರು ನೀವೇ.

ಜಯನಗರ_4ನೇ_ಬ್ಲಾಕ್ | ಜನವರಿ 21, ಬೆಳಿಗ್ಗೆ 11:30 (ಭಾರತ)

ಒಪ್ಪಿಸಿ ಬಂದ್ವಿ. ತಾತ ಬಟ್ಟಲಲ್ಲಿ ಗರಿಕೆ ಕಿತ್ತುಕೊಂಡು ತಂದಿದ್ರು, ಬಾಳೆಹಣ್ಣು ಅಲ್ಲ. ಅಲ್ಲಿನವರು ಒಳ್ಳೇ ಮಾತಾಡಿದ್ರು. ಮನೆಗೆ ಬಂದ ಮೇಲೆ ತಾತ ಹಿತ್ತಲಿಗೆ ಹೋಗಿಲ್ಲ. ಧಾರವಾಡದ ಮೇಡಂಗೆ ನಮಸ್ಕಾರ.

ಧಾರವಾಡ_ಪಶುವೈದ್ಯೆ | ಮಧ್ಯಾಹ್ನ 1:05 (ಭಾರತ)

ಅಜ್ಜಾರಿಗೆ ನನ್ನ ಶರಣು ತಿಳಸ್ರಿ. ದೊಡ್ಡ ಮನಸ್ಸು ಅವರದು.

ಮಂಡ್ಯದವಳು_ಲೀಡ್ಸ್ | ಫೆಬ್ರುವರಿ 2, ಸಂಜೆ 7:00

ಗುಂಡ ಈಗ 306 ಗ್ರಾಂ. ಮೊದಲ ಸಲ ತಿಂದದ್ದು ಜನವರಿ 19ಕ್ಕೆ, ವಾಟರ್‌ಕ್ರೆಸ್ ಸೊಪ್ಪು. ನಿನ್ನೆಯಿಂದ ರಾತ್ರಿ ಥರ್ಮೋಸ್ಟಾಟ್ 17ಕ್ಕೆ ಇಳಿಸಿದೆ, ವೈದ್ಯರು ಸರಿ ಅಂದ್ರು. ಮಗಳು ನೋಟ್‌ಬುಕ್ಕಿನಲ್ಲಿ ಮೂರು ಹೊತ್ತು ಮೂರು ಅಂಕಿ ಬರೀತಾಳೆ. ಅತ್ತೆ ಶನಿವಾರ ಊರಿಗೆ ಹೊರಟ್ರು. ಇವತ್ತು ಫೋನ್ ಮಾಡಿ ಮೊದಲು ಕೇಳಿದ್ದು, "ಬೆಳಿಗ್ಗೆ ಎಷ್ಟಿತ್ತು?"

ಒಂದು ಪ್ರಶ್ನೆ ಉಳಿದಿದೆ. ಯುವಿಬಿ ಟ್ಯೂಬ್ ಆಗಸ್ಟ್‌ನಲ್ಲಿ ಸೆಟ್ ಜೊತೆಗೇ ಬಂದದ್ದು, ಮೊದಲು ಬಳಸಿದ್ದೋ ಇಲ್ವೋ ಗೊತ್ತಿಲ್ಲ. ಈಗಲೇ ಬದಲಿಸಲಾ?

ರಾಗಿಮುದ್ದೆ_ರೀಡಿಂಗ್ | ಸಂಜೆ 7:12

ಬದಲಿಸಿ. ತಾರೀಕು ಬರೆಯೋ ಕೆಲಸ ಮಗಳಿಗೆ ಕೊಡಿ.